ಯಾರಿಗೆ ಕೊಟ್ಟರು ಎಂದು ಜಗಳಾಡುವ ವೀಕ್ಷಕರಿಗೆ ಒಂದು ಬಹಿರಂಗ ಪತ್ರ

ಟೀವಿಯ ಮುಂದೆ ಕೂತು ನಗುವ, ಮುನಿಯುವ, ಮರುಗಳಿಗೆಯೇ ಮೊಬೈಲು ಕೈಗೆತ್ತಿಕೊಳ್ಳುವ ಕನ್ನಡದ ವೀಕ್ಷಕ ಬಂಧುಗಳೇ,



ಈ ಪತ್ರವನ್ನು ವೇರೂಳಿನಿಂದ ಬರೆಯುತ್ತಿದ್ದೇನೆ. ಎಲ್ಲೋರಾ ಎಂದರೆ ನಿಮಗೆ ಬೇಗ ಗುರುತು ಸಿಕ್ಕೀತು. ಹಿಂದೆ ಔರಂಗಾಬಾದ್ ಅನ್ನುತ್ತಿದ್ದ ಛತ್ರಪತಿ ಸಂಭಾಜಿನಗರದಿಂದ ಮೂವತ್ತು ಕಿಲೋಮೀಟರು ದೂರ. ನನ್ನ ತವರು ಬೀದರ್ ಜಿಲ್ಲೆಯ ಭಾಲ್ಕಿ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಘೃಷ್ಣೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಹೂವು, ಬಿಲ್ವಪತ್ರೆ, ತೆಂಗಿನಕಾಯಿ ಮಾರುವ ಅಂಗಡಿ ನಮ್ಮದು. ಹಗಲೆಲ್ಲ ಮರಾಠಿ, ಹಿಂದಿ ಆಡಿ ಸಾಕಾದ ಬಾಯಿಗೆ ರಾತ್ರಿ ಕನ್ನಡ ಸಿಗುವುದು ಟೀವಿಯಿಂದ. ಛಾವಣಿಯ ಮೇಲೆ ಒಂದು ಡಿಶ್ ಇದೆ. ಮಳೆಗಾಲದಲ್ಲಿ ಮೋಡ ಕವಿದರೆ ಕನ್ನಡವೂ ಮಾಯ.

ಈಚೆಗೆ ಒಂದು ರಾತ್ರಿ ಕನ್ನಡದ ವಾಹಿನಿಯೊಂದರಲ್ಲಿ ಹಾಸ್ಯ ಕಲಾವಿದರಿಗೆ ಪ್ರಶಸ್ತಿ ಕೊಡುವ ಸಮಾರಂಭ ಬಂತು. ಬಣ್ಣದ ದೀಪ, ಮಂಜಿನ ಹೊಗೆ, ಮುಂದಿನ ಸಾಲಿನಲ್ಲಿ ಸಿನಿಮಾದವರು. ನಡುನಡುವೆ ಚಿಕ್ಕ ಪ್ರಹಸನಗಳು. ಒಂದು ಪ್ರಹಸನದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಪಾತ್ರವಿತ್ತು. ಅವನು ರಂಗಕ್ಕೆ ಬಂದವನೇ ಕೈ ಮುಗಿದು, "ಬರ್ರಿ ಸಾಹೇಬ್ರ, ಕೂಡ್ರಿ, ನೀರ್ ಕುಡೀತೀರೇನ್ರಿ?" ಅಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆ ತಲೆಯೆತ್ತಿ ಕೇಳಿದರು: "ಕಾಯ್ ಮ್ಹಣಾಲಾ?" ಏನಂದ ಅವನು?

ನಾನು ಮರಾಠಿಯಲ್ಲಿ ಹೇಳಿದೆ: "ಬನ್ನಿ, ಕೂತುಕೊಳ್ಳಿ, ನೀರು ಕುಡಿಯುತ್ತೀರಾ ಅಂದ."

"ಅದರಲ್ಲಿ ನಗೋದೇನಿದೆ?"

ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅದು ನಮ್ಮ ಕಡೆಯ ಮಾತು" ಅಂದೆ. ಅತ್ತೆ ಬತ್ತಿಯನ್ನು ಬೆರಳಲ್ಲಿ ಹೊಸೆಯುತ್ತಲೇ, "ಆಪಲ್ಯಾಸಾರಖಂಚ" ಅಂದರು. ನಮ್ಮದರ ಹಾಗೇ ಬಿಡು. ಪುಣೆ-ಮುಂಬಯಿಯವರು ನಮ್ಮ ಈ ಮರಾಠವಾಡ ಸೀಮೆಯ ಮಾತಿಗೆ ನಗುವುದನ್ನು ಅವರು ಎಷ್ಟೋ ವರ್ಷದಿಂದ ಕೇಳಿದವರು.

ಕೊನೆಗೆ ದೊಡ್ಡ ಪ್ರಶಸ್ತಿ ಘೋಷಣೆಯಾಯಿತು. ಅದೇ ಗಳಿಗೆಗೆ ನನ್ನ ಮೊಬೈಲು ಗುಂಯ್‌ಗುಡತೊಡಗಿತು. ಭಾಲ್ಕಿಯಿಂದ ಬೆಂಗಳೂರಿನವರೆಗೆ ಹರಡಿಕೊಂಡಿರುವ ನಮ್ಮ ಬಂಧು ಬಳಗದ ವಾಟ್ಸಾಪ್ ಗುಂಪು. "ಇವನಿಗ್ಯಾಕ ಕೊಟ್ರು?" "ಎಲ್ಲಾ ಫಿಕ್ಸಿಂಗು." "ಟಿಆರ್‌ಪಿ ಆಟ." "ಮೊದಲನೇ ಸೀಸನ್ನಿನಿಂದ ಅಳತಾ ಅಳತಾ ಕೆಲಸ ಮಾಡಿದವನಿಗೆ ಚೊಂಬು." ಗೆದ್ದವನ ಮೂಗು, ಜಾತಿ, ಅವನ ಹೆಂಡತಿಯ ಸೀರೆ, ಯಾವುದನ್ನೂ ಬಿಡಲಿಲ್ಲ. ಮಧ್ಯರಾತ್ರಿ ದಾಟಿದರೂ ನಿಲ್ಲಲಿಲ್ಲ. ನಾನು ಎಲ್ಲವನ್ನೂ ಮೇಲಿಂದ ಕೆಳಗೆ ಓದಿದೆ. ಆ ವಾಚ್‌ಮನ್ ಬಗ್ಗೆ ಒಬ್ಬರೂ ಒಂದು ಮಾತು ಬರೆದಿರಲಿಲ್ಲ. ಬರೆದವರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ "ಬರ್ರಿ, ಕೂಡ್ರಿ" ಅನ್ನುವವರೇ.

ಅದಕ್ಕೇ ಈ ಪತ್ರ. ಪ್ರಶಸ್ತಿ ಯಾರಿಗೆ ಕೊಟ್ಟರು ಎಂಬುದಕ್ಕೆ ನಾವು ಊರೇ ಒಂದಾಗಿ ಜಗಳಾಡುತ್ತೇವೆ. ಯಾವುದಕ್ಕೆ ಕೊಟ್ಟರು, ಯಾರನ್ನು ನೋಡಿ ನಕ್ಕೆವು ಎಂದು ಕೇಳುವುದೇ ಇಲ್ಲ. ನೀವು ಸಿಟ್ಟಾಗಬೇಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಸಿಟ್ಟು ಬೇಕಾದ ಜಾಗಕ್ಕೆ ಬೀಳಲಿ ಎಂಬುದಷ್ಟೇ ನನ್ನ ಅರಿಕೆ.

ಫಲಿತಾಂಶದ ಬಗ್ಗೆ ನಿಮಗಿರುವ ಅನುಮಾನ ಪೂರ್ತಿ ಹುರುಳಿಲ್ಲದ್ದು ಎಂದು ನಾನು ಅನ್ನಲಾರೆ. ಹಿಂದೆ ಹಾಗೆ ಆದದ್ದುಂಟು. ಬ್ರಿಟಿಷ್ ಕಾಮಿಡಿ ಅವಾರ್ಡ್ಸ್ 1990ರಿಂದ ಟೀವಿಯಲ್ಲಿ ಬರುತ್ತಿದ್ದ ಹೆಸರಾಂತ ಸಮಾರಂಭ. 2005ರಲ್ಲಿ ಅಲ್ಲಿ ವೀಕ್ಷಕರು ಫೋನ್ ಮಾಡಿ ಆರಿಸುವ ಪ್ರಶಸ್ತಿಯೊಂದಿತ್ತು. ಹೆಚ್ಚು ಮತ ಬಿದ್ದದ್ದು ಕ್ಯಾಥರೀನ್ ಟೇಟ್ ಅವರ ಕಾರ್ಯಕ್ರಮಕ್ಕೆ. ವೇದಿಕೆಯ ಮೇಲೆ ಪ್ರಶಸ್ತಿ ಕೊಟ್ಟದ್ದು ಆಂಟ್ ಮತ್ತು ಡೆಕ್ ಜೋಡಿಯ ಕಾರ್ಯಕ್ರಮಕ್ಕೆ. ಸಂಗತಿ ಬಯಲಿಗೆ ಬಂದದ್ದು 2008ರಲ್ಲಿ. ಫೋನ್ ಮತದಾನದ ಇಂಥ ಎಡವಟ್ಟುಗಳು ಒಂದಕ್ಕಿಂತ ಹೆಚ್ಚು ಕಾರ್ಯಕ್ರಮಗಳಲ್ಲಿ ಸಿಕ್ಕಿಬಿದ್ದು, ಅದೇ ವರ್ಷ ಆ ಸಮಾರಂಭವನ್ನು ಬಿತ್ತರಿಸಿದ ವಾಹಿನಿಗೆ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 50 ಲಕ್ಷ ಪೌಂಡಿಗೂ ಮೀರಿದ ದಂಡ ಹಾಕಿತು. ಇದರಲ್ಲಿ ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಪ್ರಶಸ್ತಿ ಕೈಗೆ ಬಂದ ಆ ಜೋಡಿಗೆ ಮತಗಳ ಲೆಕ್ಕ ಗೊತ್ತೇ ಇರಲಿಲ್ಲ. ತಪ್ಪು ಪರದೆಯ ಹಿಂದೆ ಕೂತವರದು. ಗೆದ್ದವನ ಮೂಗಿನ ಬಗ್ಗೆ ಬರೆಯುವ ಮುನ್ನ ನಮ್ಮ ಗುಂಪಿನವರು ಇದನ್ನು ನೆನೆಯಬೇಕಿತ್ತು.

ಅದೇ ಸಮಾರಂಭದ ಇನ್ನೂ ಹಳೆಯ ಕತೆಯೊಂದಿದೆ. 1993ರ ಡಿಸೆಂಬರಿನಲ್ಲಿ ಜೂಲಿಯನ್ ಕ್ಲಾರಿ ಎಂಬ ಹಾಸ್ಯಗಾರ ನೇರ ಪ್ರಸಾರದಲ್ಲಿ, ಅಲ್ಲೇ ಇದ್ದ ರಾಜಕಾರಣಿಯೊಬ್ಬರ ಬಗ್ಗೆ ಒಂದು ಪೋಲಿ ಮಾತು ಆಡಿದ. ಸಭೆ ನಕ್ಕಿತು. ಮರುದಿನ ಪತ್ರಿಕೆಗಳು ಹೌಹಾರಿದವು. ಅವನನ್ನು ಟೀವಿಯಿಂದಲೇ ಓಡಿಸಿ ಎಂಬ ಕೂಗೆದ್ದಿತು. ಮುಂದೆ ವರ್ಷಗಟ್ಟಲೆ ಅವನ ಕೆಲಸಕ್ಕೆ ಅದು ಅಡ್ಡವಾಯಿತು. ಆದರೆ ಸಮಾರಂಭವನ್ನು ನೋಡಿದ ಸುಮಾರು 1 ಕೋಟಿ 30 ಲಕ್ಷ ಜನರಲ್ಲಿ ಕ್ರಮವಾಗಿ ದೂರು ಕೊಟ್ಟವರು 12 ಮಂದಿ ಮಾತ್ರ. ನನಗೆ ಆ ಗದ್ದಲಕ್ಕಿಂತ ಆ ಹನ್ನೆರಡು ಮಂದಿಯ ಮೇಲೆ ಗೌರವ. ಅವರ ಮಾತನ್ನು ನಾನು ಒಪ್ಪುತ್ತೇನೋ ಇಲ್ಲವೋ ಬೇರೆ ವಿಷಯ. ತಮಗೆ ಚುಚ್ಚಿದ್ದು ಏನು ಎಂಬುದನ್ನು ಕೂತು ಬರೆದು, ಕೇಳಬೇಕಾದವರಿಗೆ ಕಳಿಸಿದರು.

ನಾನೂ ನಿಮ್ಮಲ್ಲೊಬ್ಬಳು ಎಂಬುದನ್ನು ಮುಚ್ಚಿಡಲಾರೆ. ಕೆಲವು ವರ್ಷಗಳ ಹಿಂದೆ ಭಾಲ್ಕಿಯಲ್ಲಿ ಅಣ್ಣನ ಮಗಳ ಮದುವೆ. ಪಂಕ್ತಿಯಲ್ಲಿ ನನ್ನ ಎದುರು ನಮ್ಮ ಚಿಕ್ಕಮ್ಮ ಕೂತಿದ್ದಳು. ಮೈಭಾರದ ಹೆಂಗಸು. ಹದಿನೈದು ದಿನದಿಂದ ಆ ಮದುವೆಯ ಕೆಲಸಕ್ಕೆ ಟೊಂಕ ಕಟ್ಟಿ ನಿಂತವಳು. ಅಂದಿನ ಹೋಳಿಗೆಯ ಹೂರಣ ರುಬ್ಬಿಸಿದವಳೂ ಅವಳೇ. ಎರಡನೇ ಹೋಳಿಗೆಗೆ ಕೈ ಚಾಚಿದಳು. ಅಷ್ಟರಲ್ಲಿ ಹತ್ತು ವರ್ಷದ ಹುಡುಗನೊಬ್ಬ, ಆಗ ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಟೀವಿಯ ಒಂದು ಮಾತನ್ನು, ದಪ್ಪಗಿರುವ ಹೆಂಗಸಿನ ಪಾತ್ರಕ್ಕೆ ಹೇಳುವ ಮಾತನ್ನು, ಅದೇ ರಾಗದಲ್ಲಿ ಅಂದುಬಿಟ್ಟ. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಚಿಕ್ಕಮ್ಮನೂ ನಕ್ಕಳು. ನಗುತ್ತಲೇ ಹೋಳಿಗೆಯನ್ನು ಬಡಿಸುವವನ ತಟ್ಟೆಗೆ ಮರಳಿ ಇಟ್ಟಳು. ಆಮೇಲೆ ಮಜ್ಜಿಗೆಗೂ ಕಾಯದೆ, ಎಲೆ ಮಡಚಿ ಎದ್ದು ಹೋದಳು.

ಆ ಹುಡುಗನನ್ನು ಯಾರೂ ಗದರಲಿಲ್ಲ. ಗದರಲು ನಮಗೆ ಬಾಯಿಯೂ ಇರಲಿಲ್ಲ. ಆ ಮಾತಿಗೆ ವಾರವಾರವೂ ಅವನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ನಕ್ಕವರು ನಾವೇ. ಅದನ್ನು ಬರೆದವನು, ಆಡಿದವನು, ಕೊನೆಗೆ ಅದಕ್ಕೆ ಬಹುಮಾನ ಕೊಟ್ಟವನು ಇವರೆಲ್ಲ ದೂರದಲ್ಲಿದ್ದರು. ಚಿಕ್ಕಮ್ಮನ ಎದುರು ಕೂತದ್ದು ನಾನು.

2022ರ ಮಾರ್ಚಿನಲ್ಲಿ ಆಸ್ಕರ್ ವೇದಿಕೆಯಲ್ಲಿ ಕ್ರಿಸ್ ರಾಕ್ ಎಂಬ ಹಾಸ್ಯಗಾರನ ಕೆನ್ನೆಗೆ ವಿಲ್ ಸ್ಮಿತ್ ಹೊಡೆದದ್ದನ್ನು ನೀವು ನೂರು ಸಲ ನೋಡಿರುತ್ತೀರಿ. ಸ್ಮಿತ್‌ನ ಹೆಂಡತಿಗೆ ಕೂದಲು ಉದುರುವ ರೋಗ; ಅವಳ ಬೋಳುತಲೆಯ ಬಗ್ಗೆ ರಾಕ್ ಆಡಿದ ಚೇಷ್ಟೆ ಅದಕ್ಕೆ ಕಾರಣ. ಆದರೆ ಆ ದೃಶ್ಯವನ್ನು ಹೊಡೆತಕ್ಕಿಂತ ಕೆಲವು ಕ್ಷಣ ಮುಂಚಿನಿಂದ ನೋಡಿ. ಹೆಂಡತಿಯ ಮುಖ ಬಿಗಿಯುತ್ತದೆ; ಪಕ್ಕದ ಕುರ್ಚಿಯಲ್ಲಿ ಗಂಡ ನಗುತ್ತಿದ್ದಾನೆ. ಮೊದಲು ನಕ್ಕವನೇ ಎದ್ದು ಹೋಗಿ ಹೊಡೆದ. ನಮ್ಮ ಪ್ರತಿಕ್ರಿಯೆಗಳೂ ಹೀಗೇ ಅಲ್ಲವೇ? ನಗುವಾಗ ಯೋಚಿಸುವುದಿಲ್ಲ, ಸಿಟ್ಟಾದಾಗಲೂ ಯೋಚಿಸುವುದಿಲ್ಲ. ಎರಡರ ನಡುವೆ ಪಕ್ಕದವರ ಮುಖ ನೋಡಲು ಒಂದು ಗಳಿಗೆ ಸಿಗುತ್ತದೆ, ಅದನ್ನು ಕಳೆದುಕೊಳ್ಳುತ್ತೇವೆ.

ಹಾಗಂತ ಆಡುಮಾತಿಗೆ, ಮೈಕಟ್ಟಿಗೆ ನಗಲೇಬಾರದೇ ಎಂದು ನೀವು ಕೇಳಬಹುದು. ನಗಬಹುದು; ಯಾರು ಯಾರ ಜೊತೆ ನಗುತ್ತಾರೆ ಎಂಬುದು ಮುಖ್ಯ. ಇದಕ್ಕೆ ನಮ್ಮ ಸಂಭಾಜಿನಗರದಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಇಲ್ಲಿನ ಮರಾಠವಾಡ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿದ್ದ ಪ್ರೊಫೆಸರ್ ಲಕ್ಷ್ಮಣ ದೇಶಪಾಂಡೆ "ವರ್ಹಾಡ್ ನಿಘಾಲಯ್ ಲಂಡನ್‌ಲಾ" ಎಂಬ ನಾಟಕ ಆಡುತ್ತಿದ್ದರು. ದಿಬ್ಬಣ ಲಂಡನ್ನಿಗೆ ಹೊರಟಿದೆ ಎಂದು ಅದರರ್ಥ. ಮರಾಠವಾಡದ ಹಳ್ಳಿಯ ದಿಬ್ಬಣವೊಂದು ಸೀಮೆ ದಾಟಿ ಹೋಗುವ ಕತೆ. 52 ಪಾತ್ರಗಳು, ಅಷ್ಟನ್ನೂ ಅವರೊಬ್ಬರೇ ಮಾಡುತ್ತಿದ್ದರು. ಒಂದು ಶಾಲು ಹೆಗಲೇರಿದರೆ ಗೌಡ, ತಲೆಗೇರಿದರೆ ಗೌಡತಿ. 2009ರಲ್ಲಿ ತೀರಿಕೊಳ್ಳುವವರೆಗೆ ಅವರ ಹೆಸರಿನ ಜೊತೆ ಆ ದಿಬ್ಬಣ ಅಂಟಿಕೊಂಡೇ ಇತ್ತು. ನಮ್ಮತ್ತೆ ಆ ನಾಟಕದ ಮಾತು ನೆನೆದರೆ ಈಗಲೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಾರೆ. ಅದೂ ಹಳ್ಳಿಯ ಮಾತೇ, ಹಳ್ಳಿಯ ಪೆದ್ದುತನವೇ. ಆದರೆ ಅಲ್ಲಿ ಮರಾಠವಾಡದವನು ಲಂಡನ್ನನ್ನು ನೋಡುತ್ತಾನೆ. ಅವನ ಕಣ್ಣಿಗೆ ಲಂಡನ್ನು ವಿಚಿತ್ರವಾಗಿ ಕಾಣುತ್ತದೆ. ಮಾತು ಅವನದು, ನೋಟವೂ ಅವನದು.

ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಈ ನಮ್ಮ ಔರಂಗಾಬಾದ್ ಎಲ್ಲವೂ ಒಂದು ಕಾಲಕ್ಕೆ ನಿಜಾಮನ ಸಂಸ್ಥಾನದವು. 1956ರಲ್ಲಿ ಗಡಿ ಬರೆದಾಗ ಒಂದು ಪಾಲು ಮೈಸೂರಿಗೆ, ಇನ್ನೊಂದು ಪಾಲು ಮುಂಬಯಿಗೆ ಹೋಯಿತು. ಎರಡೂ ಕಡೆ ನಾವು ದೂರದ ರಾಜಧಾನಿಯವರ ಕಿವಿಗೆ ಒರಟಾಗಿ ಕೇಳುವವರಾದೆವು. ಆ ಒರಟನ್ನೇ ಬಂಡವಾಳ ಮಾಡಿ, ಗಂಗಾವತಿಯ ಬಿ. ಪ್ರಾಣೇಶ್ ಊರೂರು ತಿರುಗಿ ಜನರನ್ನು ನಗಿಸಿದರು. ಬೆಂಗಳೂರಿನ ಸಭೆಗಳೂ ಅವರ ಮಾತಿಗೆ ನಕ್ಕವು. ಅಲ್ಲಿ ನಮ್ಮ ಭಾಷೆ ಕತೆ ಹೇಳುವವನ ಭಾಷೆ. ಪ್ರಹಸನದ ವಾಚ್‌ಮನ್ನನಿಗೆ ಕತೆಯೇ ಇರಲಿಲ್ಲ. "ಬರ್ರಿ" ಅಂದ, ನಕ್ಕರು, ಅವನ ಕೆಲಸ ಮುಗಿಯಿತು.

ದೊಡ್ಡವರನ್ನು ನಗೆಪಾಟಲು ಮಾಡಿದ ಪರಂಪರೆಯೂ ನಮ್ಮಲ್ಲೇ ಇದೆ. ಮಾಸ್ಟರ್ ಹಿರಣ್ಣಯ್ಯನವರು "ಲಂಚಾವತಾರ" ಆಡುವಾಗ ಗುರಿ ಅಧಿಕಾರದಲ್ಲಿ ಕೂತವರು. ಅದಕ್ಕಾಗಿ ಕೋರ್ಟು ಕಚೇರಿ ಅಲೆದದ್ದೂ ಉಂಟು, ಬಾಯಿ ಮಾತ್ರ ಕಟ್ಟಲಿಲ್ಲ. ಮಂತ್ರಿಯನ್ನು ನೋಡಿ ನಗುವುದಕ್ಕೆ ಎದೆ ಬೇಕು. ವಾಚ್‌ಮನ್ನನನ್ನು ನೋಡಿ ನಗಲು ಏನು ಬೇಕು?

ಇನ್ನು ನನ್ನ ಊರಿನ ಒಂದು ಮಾತು. ನೆಂಟರು ಬಂದರೆ ಗುಹೆಗಳಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದ ಕೆಲಸ. ಮಂಗಳವಾರ ಬಂದವರಿಗೆ ಮಾತ್ರ ಅದೃಷ್ಟವಿಲ್ಲ, ಅಂದು ಬಾಗಿಲು ಹಾಕಿರುತ್ತದೆ. ಕನ್ನಡದವರು ಬಂದರೆ ಮೊದಲು ಕೇಳುವುದು 16ನೇ ಗುಹೆ, ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ. ಅಲ್ಲಿ ಕತ್ತು ನೋಯುವಷ್ಟು ನೋಡಿದ ಮೇಲೆ ಅವರನ್ನು 21ನೇ ಗುಹೆಗೆ, ರಾಮೇಶ್ವರಕ್ಕೆ ಕರೆತರುತ್ತೇನೆ. ಕೈಲಾಸಕ್ಕಿಂತ ಹಳೆಯದು, ಚಿಕ್ಕದು. ಅಲ್ಲಿ ಶಿವ ಪಾರ್ವತಿಯರು ಪಗಡೆಯಾಡುವ ಒಂದು ಶಿಲ್ಪವಿದೆ. ಸೋತ ಶಿವ ಇನ್ನೊಂದೇ ಒಂದು ಆಟ ಎಂದು ಗೋಗರೆಯುತ್ತಿದ್ದಾನೆ ಅಂತ ಇಲ್ಲಿಯವರು ವಿವರಿಸುತ್ತಾರೆ. ಅವರ ಕೆಳಗೆ ನಂದಿ. ನಂದಿಯ ಸುತ್ತ ಗಣಗಳು, ಕುಳ್ಳರು, ಡೊಳ್ಳುಹೊಟ್ಟೆಯವರು. ಯಜಮಾನ ಆಟದಲ್ಲಿ ಮುಳುಗಿರುವ ಸಮಯ ನೋಡಿ ಅವರು ಆ ಮುದ್ದು ಬಸವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಾರೆ.

ಆ ಮದುವೆಯಾದ ವರ್ಷ ಚಿಕ್ಕಮ್ಮ ಇಲ್ಲಿಗೆ ಬಂದಿದ್ದಳು. ಆ ಶಿಲ್ಪದ ಮುಂದೆ ಬಹಳ ಹೊತ್ತು ನಿಂತಳು. ಹಿಂದಿನಿಂದ ಜನ ನೂಕುತ್ತಿದ್ದರೂ ಕದಲಲಿಲ್ಲ. ಆಮೇಲೆ, "ಇವರ ಹೊಟ್ಟಿ ನೋಡು, ನಂದಕ್ಕಿಂತ ದೊಡ್ಡದು, ಆದ್ರ ಎಷ್ಟ್ ಖುಷಿಯಾಗ್ಯಾರ" ಅಂದು ಬಾಯಿ ತುಂಬ ನಕ್ಕಳು. ಮದುವೆಮನೆಯಲ್ಲಿ ನಕ್ಕ ನಗುವಲ್ಲ ಅದು. ಅಲ್ಲಿಯವರೆಗೆ ಹತ್ತಾರು ಸಲ ಅದೇ ಶಿಲ್ಪ ನೋಡಿದ್ದ ನನಗೆ ಅಂದು ಹೊಳೆಯಿತು: ನಮ್ಮ ಟೀವಿಯಲ್ಲಿ ಕುಳ್ಳನನ್ನು, ಡೊಳ್ಳಿನವನನ್ನು ನಿಲ್ಲಿಸುವುದು ನೋಡಿ ನಗುವುದಕ್ಕೆ. ಆ ಶಿಲ್ಪಿ ಅವರ ಕೈಗೇ ನಗೆಯನ್ನು ಕೊಟ್ಟಿದ್ದಾನೆ. ಸೋತು ಗೋಗರೆಯುವ ಪಾತ್ರವನ್ನು ದೇವರಿಗೆ ಕೊಟ್ಟಿದ್ದಾನೆ.

ಆದ್ದರಿಂದ, ಬಂಧುಗಳೇ, ನಿಮ್ಮಲ್ಲಿ ಕೆಲವು ಕೋರಿಕೆ.

ಮೊದಲನೆಯದು, ಮುಂದಿನ ಸಲ ಪ್ರಶಸ್ತಿ ಸಮಾರಂಭ ನೋಡುವಾಗ ಗೆದ್ದವರ ಹೆಸರಿನ ಜೊತೆಗೆ, ಯಾವ ಪ್ರಹಸನ, ಅದರಲ್ಲಿ ನಗೆಗೆ ಗುರಿಯಾದವರು ಯಾರು ಎಂಬುದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಮರುದಿನದ ಚರ್ಚೆ ಅಲ್ಲಿಂದ ಶುರುವಾಗಲಿ.

ಎರಡನೆಯದು, ಕಲಾವಿದನನ್ನು ಹರಿದು ತಿನ್ನಬೇಡಿ. ಅವನು ಬರೆದುಕೊಟ್ಟದ್ದನ್ನು ಆಡುತ್ತಾನೆ. ನಾಳೆಯೂ ಕರೆಯಲಿ ಎಂದು ಆಡುತ್ತಾನೆ. ಮಾತು ಕೆಟ್ಟದ್ದಾದರೆ ಮಾತನ್ನು ಹಿಡಿಯಿರಿ. ಅವನ ಹೆಂಡತಿ ಮಕ್ಕಳ ಚಿತ್ರಗಳ ಕೆಳಗೆ ಹೋಗಿ ಉಗುಳುವುದು ಪ್ರತಿಕ್ರಿಯೆಯಲ್ಲ.

ಮೂರನೆಯದು, ನಿಜವಾಗಿ ನೋವಾದರೆ ಕೇಳಬೇಕಾದವರಿಗೇ ಬರೆಯಿರಿ. ನಮ್ಮ ದೇಶದಲ್ಲಿ ಟೀವಿ ಕಾರ್ಯಕ್ರಮಗಳಿಗೆ 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ ಒಂದು ಸಂಹಿತೆ ಇದೆ. ಯಾವುದೇ ಜನಾಂಗ, ಭಾಷೆ, ಪ್ರದೇಶದ ಜನರನ್ನು ಹೀಗಳೆಯುವ, ತುಚ್ಛವಾಗಿ ತೋರಿಸುವ ಮಾತು-ಚಿತ್ರ ಕೂಡದು ಎಂದು ಅದರಲ್ಲಿ ನೇರವಾಗಿಯೇ ಇದೆ. ಭಾಷೆಯ ಹೆಸರು, ಪ್ರದೇಶದ ಹೆಸರು ಎರಡನ್ನೂ ಸೇರಿಸಿ ಬರೆದಿದ್ದಾರೆ. ಅದನ್ನು ಓದಿದ ದಿನ ನನಗೆ ನಮ್ಮ "ಬರ್ರಿ, ಕೂಡ್ರಿ" ನೆನಪಾಯಿತು. 2021ರಲ್ಲಿ ತಿದ್ದಿದ ನಿಯಮದ ಪ್ರಕಾರ ದೂರನ್ನು ಮೊದಲು ವಾಹಿನಿಗೇ ಕೊಡಬೇಕು, ಅವರು 15 ದಿನದೊಳಗೆ ತೀರ್ಮಾನ ಹೇಳಬೇಕು. ಸಮಾಧಾನವಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಮಂಡಳಿಗೆ ಹೋಗಬಹುದು. ಮನರಂಜನೆ ವಾಹಿನಿಗಳಿಗೆ ಅಂಥದ್ದು 2011ರಿಂದಲೂ ಇದೆ. ಕಾರ್ಯಕ್ರಮದ ಹೆಸರು, ದಿನ, ಹೊತ್ತು, ಆಡಿದ ಮಾತು, ಅದು ಯಾಕೆ ತಪ್ಪು, ಇಷ್ಟು ಬರೆದರೆ ಸಾಕು. ಬೈಗುಳ ಬೇಡ. ನಿಷೇಧಿಸಿ ಎನ್ನುವುದೂ ಬೇಡ. "ಮುಂದಿನ ಸಲ ನಮ್ಮವನಿಗೂ ಒಂದು ಕತೆ ಕೊಡಿ" ಎಂದು ಕೇಳಿ. ಆ ವಾಚ್‌ಮನ್ ಬಗ್ಗೆ ನಾನು ಅಷ್ಟನ್ನೇ ಬರೆದು ಕಳಿಸಿದ್ದೇನೆ.

ನಾಲ್ಕನೆಯದು, ಒಳ್ಳೆಯದಕ್ಕೂ ಬರೆಯಿರಿ, ಇರುವಾಗಲೇ ಬರೆಯಿರಿ. "ಮಜಾ ಟಾಕೀಸ್"ನ ವರಲಕ್ಷ್ಮಿಯಾಗಿ ನಮ್ಮನ್ನು ನಗಿಸಿದ ಅಪರ್ಣಾ 2024ರ ಜುಲೈನಲ್ಲಿ ಹೋದರು. ಅಚ್ಚುಕಟ್ಟು ಕನ್ನಡದ ನಿರೂಪಕಿ ಎಂದು ಹೆಸರಾದವರು ತಮ್ಮ ಗಾಂಭೀರ್ಯವನ್ನೇ ಪಣಕ್ಕಿಟ್ಟು ನಗಿಸಿದ್ದರು. ಬೇರೆ ಯಾರದ್ದನ್ನೂ ಅಲ್ಲ. "ಕಾಮಿಡಿ ಖಿಲಾಡಿಗಳು" ಮೂರನೇ ಸೀಸನ್ ಗೆದ್ದ ಉಡುಪಿ ಕಡೆಯ ರಾಕೇಶ್ ಪೂಜಾರಿ 2025ರ ಮೇ ತಿಂಗಳಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಗೆಳೆಯರ ಮನೆಯ ಮೆಹಂದಿ ಸಂಭ್ರಮದ ನಡುವೆ ಕುಸಿದು ಹೋದ. ಎರಡೂ ಸಲ ನಮ್ಮ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಾನೂ ಒಂದು ಹಾಕಿದೆ. ಅವರಿಬ್ಬರ ಮಾತಿಗೆ ಅಷ್ಟು ನಕ್ಕಿದ್ದರೂ, ಬದುಕಿದ್ದಾಗ "ನಿಮ್ಮ ನಗೆ ನಮ್ಮ ವೇರೂಳಿನ ಮನೆಯವರೆಗೂ ಬರುತ್ತದೆ" ಎಂದು ಒಂದು ಸಾಲು ಬರೆದು ಹಾಕಿರಲಿಲ್ಲ.

ಕೊನೆಯದು ಮನೆಯೊಳಗಿನ ಮಾತು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಾಗ, ಯಾವುದಾದರೂ ಮಾತಿಗೆ ನಿಮಗೆ ನಗು ಬಾರದಿದ್ದರೆ ಸುಮ್ಮನೆ ಸಭೆಯ ಜೊತೆ ನಗಬೇಡಿ. ಮಗು ತಿರುಗಿ ನಿಮ್ಮ ಮುಖ ನೋಡುತ್ತದೆ. ನೀವು ನಗದಿದ್ದದ್ದನ್ನು ಅದು ಯಾವ ಪಂಕ್ತಿಯಲ್ಲೂ ಮತ್ತೆ ಆಡುವುದಿಲ್ಲ.

ಪತ್ರ ಉದ್ದವಾಯಿತು, ಮನ್ನಿಸಿ. ಬರುವ ಶ್ರಾವಣಕ್ಕೆ ಚಿಕ್ಕಮ್ಮ ಮತ್ತೆ ಬರುತ್ತೇನೆ ಅಂದಿದ್ದಾಳೆ. ಹೋಳಿಗೆ ಮಾಡುವುದು ಈ ಸಲ ನಾನು, ಅವಳು ಕೂತು ಉಣ್ಣಬೇಕು ಎಂದು ಹೇಳಿಟ್ಟಿದ್ದೇನೆ. ನೀವೂ ಈ ಕಡೆ ಬಂದರೆ ಗುಡಿಯ ದಾರಿಯಲ್ಲಿ ಕನ್ನಡದಲ್ಲಿ ಕೂಗಿ ನೋಡಿ. ಬರ್ರಿ, ಕೂಡ್ರಿ, ನೀರು ಕುಡೀರಿ ಎಂದೇ ಕರೆಯುತ್ತೇನೆ.

ಇಂತಿ,
ನಿಮ್ಮ ವಿಶ್ವಾಸದ,
ವೇರೂಳಿನ ಒಬ್ಬ ಕನ್ನಡ ವೀಕ್ಷಕಿ